ಅಟ್ಲಾಂಟಾದಿಂದ ಆನಂದಾಪುರಕ್ಕೆ

ಒರ್ಲಾಂಡೊಗೆ ಹೋಗುವುದು ಸುಲಭ. ಒರ್ಲಾಂಡೊದಲ್ಲಿ ಎಲ್ಲಿಗೆ ಹೋಗುವುದು ಎಂಬುದೇ ತಲೆನೋವು. ಡಿಸ್ನಿಯವರದೇ ನಾಲ್ಕು ಪಾರ್ಕು, ಅದರ ಮೇಲೆ ಎರಡು ನೀರಾಟದ ಪಾರ್ಕು. ಯೂನಿವರ್ಸಲ್‌ನವರದು ಮೂರು, ಅವರಿಗೂ ಒಂದು ನೀರಿನದು. ಸೀವರ್ಲ್ಡ್ ಬೇರೆ. ಸ್ವಲ್ಪ ಆಚೆಗೆ ಲೆಗೊಲ್ಯಾಂಡ್. ಇನ್ನೊಂದು ದಿಕ್ಕಿಗೆ ಒಂದು ಗಂಟೆ ಕಾರು ಓಡಿಸಿದರೆ ಸಮುದ್ರದ ದಂಡೆಯಲ್ಲಿ ಕೆನಡಿ ಸ್ಪೇಸ್ ಸೆಂಟರ್. ಎಲ್ಲವನ್ನೂ ನೋಡೋಣವೆಂದರೆ ಮಗನಿಗೆ ರಜೆ ಸಾಲದು, ನನಗೆ ಮಂಡಿ ಸಾಲದು. ದುಡ್ಡು ಸಾಲುತ್ತದೋ ಇಲ್ಲವೋ ಎಂಬುದು ಸೊಸೆಗೆ ಮಾತ್ರ ಗೊತ್ತಿರುವ ರಹಸ್ಯ.

ಅಮೆರಿಕಕ್ಕೆ ಬಂದ ಅಪ್ಪ ಅಮ್ಮಂದಿರನ್ನು ಮೊದಲ ಸಲ ನಯಾಗರಕ್ಕೂ ಎರಡನೆಯ ಸಲ ಡಿಸ್ನಿಗೂ ಕರೆದೊಯ್ಯುವುದು ಮಗನಾದವನ ಷೋಡಶ ಸಂಸ್ಕಾರಗಳ ಪಟ್ಟಿಗೆ ಈಚೆಗೆ ಸೇರಿಕೊಂಡ ಹದಿನೇಳನೆಯದು. ನಯಾಗರ ಆಗಿತ್ತು. ಅದರಲ್ಲಿ ಚರ್ಚೆಗೆ ಆಸ್ಪದವೇ ಇರಲಿಲ್ಲ. ಜಲಪಾತ ಒಂದು ಕಡೆ ಬೀಳುತ್ತದೆ, ನಾವು ಅದರ ಎದುರಿಗೆ ನಿಲ್ಲುತ್ತೇವೆ, ನಾನು "ಮಳೆಗಾಲದ ಜೋಗ ನೋಡಬೇಕು" ಎನ್ನುತ್ತೇನೆ, ಎಲ್ಲರೂ ಕೇಳಿಸದವರಂತೆ ಇರುತ್ತಾರೆ, ಮುಗಿಯಿತು. ಡಿಸ್ನಿ ಹಾಗಲ್ಲ. ಅದಕ್ಕೆ ಸೊಸೆ ಒಂದು ಎಕ್ಸೆಲ್ ಶೀಟು ಮಾಡಿ ಟಿವಿಯ ಮೇಲೆ ಹಾಕಿದ್ದಳು. ಅಡ್ಡಸಾಲಿನಲ್ಲಿ ಪಾರ್ಕುಗಳು, ಉದ್ದಸಾಲಿನಲ್ಲಿ ಮನೆಮಂದಿ. ಮೊಮ್ಮಗಳ ಹೆಸರಿನ ಮುಂದೆ ಅವಳ ಆಯ್ಕೆ, ಮೊಮ್ಮಗನ ಮುಂದೆ ಅವನದು. "ಅಜ್ಜ, ಅಜ್ಜಿ" ಎಂಬ ಸಾಲಿನಲ್ಲಿ ಎಲ್ಲ ಚೌಕಗಳಲ್ಲೂ ಒಂದೇ ಪದ: ಎನಿ. ಎಲ್ಲಾದರೂ ಸರಿ. ನಾನು ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಟೈಮ್‌ಟೇಬಲ್ ಹಾಕುತ್ತಿದ್ದವನು. ನನಗೇ "ಎನಿ" ಎಂದು ಬರೆದದ್ದನ್ನು ಕಂಡು ಮನಸ್ಸಿಗೆ ಪಿಚ್ಚೆನಿಸಿತು. ಆದರೆ ಯಾವ ಪಾರ್ಕಿನಲ್ಲಿ ಏನಿದೆ ಎಂದೇ ತಿಳಿಯದವನು ಯಾವ ಬಾಯಲ್ಲಿ ಪ್ರತಿಭಟಿಸುವುದು?

ಮೊಮ್ಮಗಳದು ಹ್ಯಾರಿ ಪಾಟರ್ ಪಕ್ಷ. ಯೂನಿವರ್ಸಲ್‌ಗೆ ಹೋದರಾಯಿತಲ್ಲ ಎಂದೆ. ಅಷ್ಟು ಸರಳವಲ್ಲವಂತೆ. ಪಾಟರನ ಊರನ್ನು 2010ರಲ್ಲಿ ಒಂದು ಪಾರ್ಕಿನಲ್ಲಿ ಕಟ್ಟಿದರು. ಅವನು ಸಾಮಾನು ಕೊಳ್ಳುವ ಬೀದಿಯನ್ನು 2014ರಲ್ಲಿ ಪಕ್ಕದ ಪಾರ್ಕಿನಲ್ಲಿ ಕಟ್ಟಿದರು. ಎರಡರ ನಡುವೆ ಅವನ ಶಾಲೆಯ ರೈಲು ಓಡುತ್ತದೆ. ಆದರೆ ರೈಲು ಹತ್ತಬೇಕಾದರೆ ಎರಡೂ ಪಾರ್ಕಿಗೆ ಸಲ್ಲುವ ಟಿಕೆಟ್ ಇರಬೇಕು. ಇಷ್ಟಕ್ಕೇ ನಿಲ್ಲಿಸದೆ 2025ರ ಮೇ ತಿಂಗಳಲ್ಲಿ ಎಪಿಕ್ ಯೂನಿವರ್ಸ್ ಎಂಬ ಮೂರನೆಯ ಪಾರ್ಕು ತೆರೆದು, ಮಂತ್ರವಾದಿಗಳ ಸರ್ಕಾರಿ ಕಚೇರಿಯನ್ನು ಅಲ್ಲಿಗೆ ಒಯ್ದಿಟ್ಟಿದ್ದಾರೆ. ನಮ್ಮ ಕಡೆ ಅಣ್ಣತಮ್ಮಂದಿರು ಅಡಿಕೆ ತೋಟ ಪಾಲು ಮಾಡಿಕೊಳ್ಳುವಾಗಲೂ ಇಷ್ಟು ಚೊಕ್ಕವಾಗಿ, ಒಬ್ಬರ ಕಡೆ ಹೋಗದೆ ಇನ್ನೊಬ್ಬರಿಗೆ ಬಾವಿಯ ನೀರು ಸಿಗದ ಹಾಗೆ ಪಾಲು ಮಾಡಿದ್ದನ್ನು ನಾನು ಕಂಡಿಲ್ಲ.

ಮಗನ ವೋಟು ಎಪ್ಕಾಟ್‌ಗೆ. 1982ರಲ್ಲಿ ತೆರೆದದ್ದು, "ದೊಡ್ಡವರ ಪಾರ್ಕು" ಎಂದು ಗಂಭೀರವಾಗಿ ಹೇಳಿದ. ಅಲ್ಲಿ ಕೆರೆಯ ಸುತ್ತ ಹನ್ನೊಂದು ದೇಶಗಳ ಮಂಟಪಗಳಿವೆ. ಮೆಕ್ಸಿಕೊದಿಂದ ನಡೆಯುತ್ತ ಹೊರಟರೆ ನಾರ್ವೆ, ಚೀನಾ, ಜರ್ಮನಿ, ಇಟಲಿ ದಾಟಿ ಕೆನಡಾಕ್ಕೆ ಬಂದು ಸೇರಬಹುದು. ಭಾರತ ಎಲ್ಲಿ ಎಂದು ಕೇಳಿದೆ. ಇಲ್ಲ. ಮೊರಾಕೊ ಇದೆ, ನಾವಿಲ್ಲ. "ಅಲ್ಲಿ ಹೋಗಿ ಯಾರ ಮನೆ ನೋಡುವುದು?" ಎಂದು ನನ್ನ ಹೆಂಡತಿ ಕೇಳಿದಳು. ಅಪ್ಪ ಅಮ್ಮನಿಗೆ ಪ್ರಪಂಚ ತೋರಿಸುವ ಆಸೆ ಎಂದ ಮಗ. ಜರ್ಮನಿಯ ಮಂಟಪದಲ್ಲಿ ಬಿಯರ್ ಸಿಗುತ್ತದೆಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ನಕ್ಷೆ ಓದಲು ನನಗೆ ಬರುತ್ತದೆ.

ಸೊಸೆಯದು ಕೆನಡಿ ಸ್ಪೇಸ್ ಸೆಂಟರ್. ಚಂದ್ರನಲ್ಲಿಗೆ ಹೋದ ಜಾತಿಯ ಸ್ಯಾಟರ್ನ್ ಫೈವ್ ರಾಕೆಟ್ಟನ್ನು, ನೂರಹತ್ತು ಮೀಟರ್ ಉದ್ದದ್ದನ್ನು, ಒಂದು ಕಟ್ಟಡದೊಳಗೆ ಅಡ್ಡ ಮಲಗಿಸಿಟ್ಟಿದ್ದಾರೆ. ನನಗೂ ನೋಡಬೇಕೆನಿಸಿತು. "ಅದು ಸ್ಕೂಲ್ ಟ್ರಿಪ್" ಎಂದು ಮೊಮ್ಮಗಳು ಒಂದೇ ಮಾತಿನಲ್ಲಿ ರಾಕೆಟ್ಟನ್ನು ನೆಲಕ್ಕಿಳಿಸಿದಳು.

ನಾಲ್ಕು ತುಂಬದ ಮೊಮ್ಮಗನಿಗೆ ಬೇಕಾದದ್ದು ಆನೆ. ಊರಿಗೆ ಬಂದಾಗ ಸಕ್ರೆಬೈಲಿನ ಬಿಡಾರದಲ್ಲಿ ಆನೆಗಳು ತುಂಗೆಯ ಹಿನ್ನೀರಿನಲ್ಲಿ ಮೀಯುವುದನ್ನು ನೋಡಿದವನು ಅವನು. ಆಮೇಲೆ ಉಳಿದ ಯಾವ ಪ್ರಾಣಿಯೂ ಅವನ ಕಣ್ಣಿಗೆ ಹಿಡಿದಿಲ್ಲ. ಆನೆ ಇರುವುದು ಡಿಸ್ನಿಯ ಅನಿಮಲ್ ಕಿಂಗ್‌ಡಮ್‌ನಲ್ಲಿ. ಹಾಗಾಗಿ ಅದಕ್ಕೊಂದು ವೋಟು ಬಿತ್ತು. ಉಳಿದವರೆಲ್ಲ ಅದನ್ನು ಮೃಗಾಲಯವೆಂದು ತಳ್ಳಿಹಾಕಿದರು.

ಇಲ್ಲಿಂದ ಮುಂದೆ ಲೆಕ್ಕಾಚಾರ. ಡಿಸ್ನಿಯಲ್ಲಿ ಮೂರು ತುಂಬದ ಮಕ್ಕಳಿಗೆ ಟಿಕೆಟ್ಟಿಲ್ಲ, ಮೂರರಿಂದ ಒಂಬತ್ತಕ್ಕೆ ಮಕ್ಕಳ ಟಿಕೆಟ್, ಹತ್ತು ತುಂಬಿತೋ ಆ ಪ್ರಾಣಿ ವಯಸ್ಕ. ಮೊಮ್ಮಗಳು ವಯಸ್ಕಳಾಗಲು ಸ್ವಲ್ಪವೇ ಸಮಯವಿತ್ತು. ಸೊಸೆ ಆ ತಾರೀಖಿನ ಚೌಕಕ್ಕೆ ಕೆಂಪು ಬಣ್ಣ ತುಂಬಿ, ಅದರೊಳಗೆ ಹೋಗಿಬರಲೇಬೇಕೆಂದು ಹಟ ಹಿಡಿದಳು. ಉಳಿಯುವುದು ಎಷ್ಟು ಎಂದು ನೋಡಿದರೆ ಕೆಲವೇ ಡಾಲರು, ಒಳಗೆ ಹೋದಮೇಲೆ ಒಂದು ಪೊಟ್ಟಣ ಪಾಪ್‌ಕಾರ್ನಿಗೆ ಮುಗಿಯುವಂಥದ್ದು. ಆದರೂ ಸರಿ, ತತ್ತ್ವ ತತ್ತ್ವವೇ. ನನಗೆ ಬಿಡದಿಯ ವಂಡರ್‌ಲಾ ನೆನಪಾಯಿತು. ಅಲ್ಲಿ ವಯಸ್ಸು ಕೇಳುವುದಿಲ್ಲ, ಎತ್ತರ ನೋಡುತ್ತಾರೆ. 140 ಸೆಂಟಿಮೀಟರಿಗಿಂತ ಕುಳ್ಳಗಿದ್ದರೆ ಮಕ್ಕಳ ದರ. ಎಂಬತ್ತು ದಾಟಿ, ಬೆನ್ನು ಬಾಗಿದ್ದ ನನ್ನ ಸೋದರತ್ತೆ ಆ ಗೆರೆಯ ಕೆಳಗೆ ನಿಂತು "ಹಂಗಾರೆ ನಂಗೆ ಅರ್ಧ ಟಿಕೆಟ್ಟಾ?" ಎಂದು ಕೇಳಿದ್ದಳು. ಕೌಂಟರಿನ ಹುಡುಗ ಅವಳನ್ನೂ ಅಳತೆಪಟ್ಟಿಯನ್ನೂ ನೋಡಿ ನೋಡಿ ಬೆವತಿದ್ದ. ಮನುಷ್ಯ ಯಾವಾಗ ದೊಡ್ಡವನಾಗುತ್ತಾನೆ ಎಂಬುದಕ್ಕೆ ಶಾಸ್ತ್ರಗಳಲ್ಲಿ ಏನೇ ಇರಲಿ, ಟಿಕೆಟ್ ಕೌಂಟರುಗಳ ತೀರ್ಮಾನವೇ ಜಾರಿಯಲ್ಲಿರುವುದು.

ಎತ್ತರದ ಕಾಟ ಇಲ್ಲಿಯೂ ಇದೆ, ಆದರೆ ಟಿಕೆಟ್ಟಿಗಲ್ಲ, ಆಟಕ್ಕೆ. ಒಂದಕ್ಕೆ 38 ಇಂಚು, ಇನ್ನೊಂದಕ್ಕೆ 40, ಮತ್ತೊಂದಕ್ಕೆ 44. ಮೊಮ್ಮಗನನ್ನು ಅಡುಗೆಮನೆಯ ಬಾಗಿಲಿಗೆ ನಿಲ್ಲಿಸಿ ಅಳೆದರೆ ಮೂವತ್ತೇಳೂವರೆ. ಅರ್ಧ ಇಂಚಿನಿಂದ ಹುಡುಗ ಎಲ್ಲ ಮಜದಿಂದಲೂ ಹೊರಗುಳಿಯುತ್ತಾನಲ್ಲ ಎಂದು ಅಜ್ಜಿಯ ಕರುಳು ಚುರ್ ಎಂದಿತು. ಇಂಡಿಯನ್ ಸ್ಟೋರಿನಿಂದ ರಾಗಿಹಿಟ್ಟು ಬಂತು. ಬೆಳಿಗ್ಗೆ ರಾಗಿಮಾಲ್ಟ್, ಸಂಜೆ ರಾಗಿ ಮಣ್ಣಿ. ದಿನಾ ಊಟವಾದಮೇಲೆ ಅವನನ್ನು ಬಾಗಿಲಿಗೆ ಒರಗಿಸಿ ಅಳೆಯುವುದು. ಹುಡುಗ ಉದ್ದವಾಗಲಿಲ್ಲ, ಅಡ್ಡವಾದ. ಕೊನೆಗೆ ಮಗ ದಪ್ಪ ಅಟ್ಟೆಯ ಬೂಟು ತಂದು ಸಮಸ್ಯೆ ಬಗೆಹರಿಸಿದ. ಎಂಜಿನಿಯರಿಂಗ್ ಓದಿಸಿದ್ದು ಸಾರ್ಥಕವಾಯಿತು ಎಂದು ನನಗೆ ಮೊದಲ ಬಾರಿಗೆ ಅನ್ನಿಸಿದ್ದು ಆಗ.

ಕ್ಯೂ ತಪ್ಪಿಸುವ ಲೈಟ್ನಿಂಗ್ ಲೇನ್ ಕೊಳ್ಳಬೇಕೋ ಬೇಡವೋ ಎಂಬ ವಿಷಯ ಬಂದಾಗ ಮಾತ್ರ ಗಂಡಹೆಂಡಿರ ದನಿ ಏರಿತು. ಮೊದಲೆಲ್ಲ ಇಂಥದ್ದನ್ನು ಪುಕ್ಕಟೆ ಕೊಡುತ್ತಿದ್ದರಂತೆ; ಈಗ ಒಳಗೆ ಬರಲು ಒಂದು ದುಡ್ಡು, ಒಳಗೆ ಬಂದವನು ಬೇಗ ಮುಂದೆ ಹೋಗಲು ಇನ್ನೊಂದು ದುಡ್ಡು. ಇದನ್ನು ಅನ್ಯಾಯವೆಂದು ವಾದಿಸುವ ಮುಖ ನನಗಿರಲಿಲ್ಲ. ತಿರುಪತಿಯಲ್ಲಿ ಮುನ್ನೂರು ರೂಪಾಯಿಯ ದರ್ಶನದ ಸಾಲಿನಲ್ಲಿ ನಿಂತು, ಪಕ್ಕದ ಧರ್ಮದರ್ಶನದವರನ್ನು ಕಂಬಿಯ ಸಂದಿನಿಂದ ಕನಿಕರದಿಂದ ನೋಡಿದವನು ನಾನು.

ಅವರು ವಾದ ಮಾಡುತ್ತಿರಲಿ ಎಂದು ನಾನು ಡಿಸ್ನಿಯ ಚರಿತ್ರೆ ಓದಲು ಕೂತೆ. ಓದುತ್ತ ಹೋದಂತೆ ವಾಲ್ಟ್ ಡಿಸ್ನಿಯ ಮೇಲೆ ಗೌರವ ಉಕ್ಕಿತು, ಮಿಕ್ಕಿ ಇಲಿಗಾಗಿ ಅಲ್ಲ, ಜಮೀನು ಖರೀದಿಗಾಗಿ. 1960ರ ದಶಕದಲ್ಲಿ ಒರ್ಲಾಂಡೊದ ಹತ್ತಿರ ಜೌಗು ನೆಲವನ್ನು ಬೇರೆ ಬೇರೆ ಕಂಪನಿಗಳ ಹೆಸರಿನಲ್ಲಿ ತುಂಡು ತುಂಡಾಗಿ ಕೊಳ್ಳಿಸಿದ. ಕೊಳ್ಳುತ್ತಿರುವುದು ಡಿಸ್ನಿ ಎಂದು ಗೊತ್ತಾದರೆ ಬೆಲೆ ಏರುತ್ತದಲ್ಲ! 1965ರಲ್ಲಿ ಅಲ್ಲಿಯ ಪತ್ರಿಕೆ ಗುಟ್ಟು ರಟ್ಟು ಮಾಡಿತು. ಎಣಿಸಿದಂತೆಯೇ ಉಳಿದ ನೆಲದ ಬೆಲೆ ಆಕಾಶಕ್ಕೆ ಹಾರಿತು. ಅಷ್ಟರೊಳಗೆ ಬೇಕಾದ್ದೆಲ್ಲ ಕೈಗೆ ಬಂದಾಗಿತ್ತು; ಇವತ್ತು ಅದು ಸುಮಾರು 40 ಚದರ ಮೈಲಿಯ ಸಾಮ್ರಾಜ್ಯ. ಪಾಪ, 1966ರ ಡಿಸೆಂಬರಿನಲ್ಲಿ ಅವನು ತೀರಿಕೊಂಡ, ಮೊದಲ ಪಾರ್ಕು ತೆರೆದದ್ದು 1971ರಲ್ಲಿ. ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಬರುತ್ತದೆಂಬ ಸುದ್ದಿ ಇಡೀ ರಾಜ್ಯಕ್ಕೆ ಗೊತ್ತಾದಮೇಲೆ ಸೈಟು ನೋಡಲು ಹೋಗಿ ಬರಿಗೈಯಲ್ಲಿ ಬಂದ ನನಗೆ ಆತ ನಿಜವಾದ ಮಾಂತ್ರಿಕನಾಗಿ ಕಂಡ.

ಜಮೀನಿನ ಚಪಲದಿಂದಲೇ ಪಾರ್ಕುಗಳ ನಕ್ಷೆಗಳನ್ನೂ ಒಂದೊಂದಾಗಿ ಬಿಡಿಸಿ ನೋಡತೊಡಗಿದೆ. 1998ರಲ್ಲಿ ತೆರೆದ ಅನಿಮಲ್ ಕಿಂಗ್‌ಡಮ್‌ನ ನಕ್ಷೆಗೆ ಬಂದೆ. ಆಫ್ರಿಕ ಒಂದು ಕಡೆ, ಏಷ್ಯಾ ಒಂದು ಕಡೆ. ಏಷ್ಯಾದ ವಿವರಣೆ ಓದುತ್ತಿದ್ದವನು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದೆ. ಡಿಸ್ನಿಯವರು ಕಲ್ಪಿಸಿಕೊಂಡ ಆ ಏಷ್ಯಾದ ರಾಜ್ಯದ ಹೆಸರು ಆನಂದಾಪುರ.

ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ. ಬಿ.ಎಚ್. ರಸ್ತೆಯ ಮೇಲೆ, ತಾಳಗುಪ್ಪದ ರೈಲು ನಿಲ್ಲುವ ಊರು. ನನ್ನ ಊರಿಗೆ ಹೋಗಬೇಕಾದರೆ ಇಳಿಯಬೇಕಾದದ್ದೇ ಅಲ್ಲಿ. ನಾನು "ಲೇ!" ಎಂದು ಕೂಗಿದ ರಭಸಕ್ಕೆ ಲೈಟ್ನಿಂಗ್ ಲೇನಿನ ಜಗಳ ನಿಂತುಹೋಯಿತು. ಹೆಂಡತಿ ಒಳಗಿನಿಂದ ಬಂದು ನಕ್ಷೆಗೆ ಬಗ್ಗಿದಳು. ಅವಳ ತವರು ದಾಂಡೇಲಿ. ಬೆರಳಿಟ್ಟು ಓದಿದಳು: "ಕಾಳಿ ರಿವರ್ ರ‍್ಯಾಪಿಡ್ಸ್." ಆನಂದಾಪುರದ ಪಕ್ಕದಲ್ಲೇ ಕಾಳಿ ನದಿ! ರಬ್ಬರ್ ದೋಣಿಯಂಥದ್ದರಲ್ಲಿ ಕೂರಿಸಿ ಇಳಿಜಾರಿನಲ್ಲಿ ಬಿಡುತ್ತಾರೆ. ಗಣೇಶಗುಡಿಯಲ್ಲಿ ಸೂಪಾ ಅಣೆಕಟ್ಟೆಯ ಕೆಳಗೆ ಮಾಡುವುದೂ ಅದನ್ನೇ. ಇನ್ನೂ ಸ್ವಲ್ಪ ಓದಿದರೆ ದೋಣಿ ಓಡುವ ಹೊಳೆಗೆ ಅವರಿಟ್ಟ ಹೆಸರು ಚಕ್ರನದಿ. ಚಕ್ರಾ ನಮ್ಮ ಹೊಸನಗರದ ಕಡೆಯ ಹೊಳೆ. ಈ ಪಾರ್ಕಿನ ನಕ್ಷೆ ಬರೆದವರ ಗುಂಪಿನಲ್ಲಿ ಮಲೆನಾಡಿನವನೊಬ್ಬ ಬಾಯಿಬಿಡದೆ ಕೂತಿದ್ದನೆಂಬ ನನ್ನ ಗುಮಾನಿಯನ್ನು ಮಗ ಎಷ್ಟು ಹೇಳಿದರೂ ನಾನು ಬಿಟ್ಟಿಲ್ಲ.

"ನಮ್ಮದು ಎನಿ ಅಲ್ಲ," ಎಂದೆ ಸೊಸೆಗೆ. "ಆ ಚೌಕ ತಿದ್ದು."

ಆನೆಯ ಒಂದು ವೋಟಿಗೆ ನಮ್ಮ ಎರಡು ಸೇರಿ ಮೂರಾಯಿತು. ಬಹುಮತಕ್ಕೆ ಒಂದು ಕಮ್ಮಿ. ಅದೇ ಸಂಜೆ ಮಗ ಮೊಮ್ಮಗನನ್ನು ಐಸ್‌ಕ್ರೀಮ್ ತಿನ್ನಿಸಲು ಹೊರಗೆ ಕರೆದುಕೊಂಡು ಹೋದ. ಕರ್ನಾಟಕದವನಾದ ನನಗೆ ಶಾಸಕರನ್ನು ಹೀಗೆ ಊರ ಹೊರಗೆ ಕರೆದೊಯ್ಯುವುದರ ಅರ್ಥ ತಿಳಿಯದೆ ಇದ್ದೀತೆ? ಹುಡುಗ ಬಾಯಿ ಒರೆಸಿಕೊಳ್ಳುತ್ತ ವಾಪಸು ಬಂದವನು "ಎಪ್ಕಾಟ್" ಎಂದ. ಅಜ್ಜಿ ಫೋನಿನಲ್ಲಿ ಸಕ್ರೆಬೈಲಿನ ಹಳೆಯ ವಿಡಿಯೊ ಹಾಕಿದಳು; ಆನೆ ಸೊಂಡಿಲೆತ್ತಿತು, ಅವನು ಮಾತೃಪಕ್ಷಕ್ಕೆ ಮರಳಿದ. ಆಮೇಲೆ ನಾನು ಮೊಮ್ಮಗಳ ಜೊತೆ ನೇರ ಮಾತುಕತೆ ನಡೆಸಿದೆ. ಒಂದು ದಿನ ಆನಂದಾಪುರ, ಒಂದು ದಿನ ಪಾಟರ್, ರೈಲಿನ ಟಿಕೆಟ್ಟೂ ಸೇರಿದಂತೆ, ನನ್ನ ಪಿಂಚಣಿಯಿಂದ. ಸರ್ಕಾರ ಬಿತ್ತು, ಎಪ್ಕಾಟ್ ವಿರೋಧಪಕ್ಷಕ್ಕೆ ಹೋಯಿತು. ರಾಕೆಟ್ಟನ್ನು ಮುಂದಿನ ಅಧಿವೇಶನಕ್ಕೆ ಮುಂದೂಡಲಾಯಿತು.

ಅಟ್ಲಾಂಟಾದಿಂದ ಏಳು ಗಂಟೆಯ ದಾರಿ. ಪುಳಿಯೋಗರೆ, ಚಕ್ಕುಲಿ, ಜಗಳ, ನಿದ್ದೆ. ಅದರ ವಿವರ ಬೇಡ. ಪಾಟರನ ದಿನದ ಬಗ್ಗೆಯೂ ನಾನು ಹೇಳುವುದು ಕಡಿಮೆ, ಏಕೆಂದರೆ ಬಹುಪಾಲು ನಾನು ನೆರಳಿನ ಬೆಂಚಿನ ಮೇಲೆ ಎಲ್ಲರ ಚೀಲ ಕಾಯುತ್ತಿದ್ದೆ.

ಆನಂದಾಪುರ ಮಾತ್ರ ಮರೆಯುವಂಥದ್ದಲ್ಲ. ಇಡೀ ಊರನ್ನು ಬಹಳ ಕಷ್ಟಪಟ್ಟು ಹಳೆಯದು ಮಾಡಿದ್ದಾರೆ. ಬಣ್ಣ ಮಾಸಿದ ಗೋಡೆ, ತುಕ್ಕು ಹಿಡಿದ ಸೈಕಲ್ಲು, ಕೈಯಲ್ಲಿ ಬರೆದ ಜಾಹೀರಾತು, ಜೋತುಬಿದ್ದ ತಂತಿ. ನಮ್ಮಲ್ಲಿ ಇದು ತಾನಾಗಿಯೇ ಆಗುತ್ತದೆ. ಇಲ್ಲಿ ತುಕ್ಕಿಗೂ ಎಂಜಿನಿಯರುಗಳಿದ್ದಾರೆ. ನಾನು ಮಕ್ಕಳ ಪರೀಕ್ಷೆಯ ಪತ್ರಿಕೆ ತಿದ್ದುವವನ ಗತ್ತಿನಲ್ಲಿ ಓಡಾಡಿದೆ. ಅಂಗಳದಲ್ಲಿ ಒಣಗಿಸಿದ ಅಡಿಕೆ ಇಲ್ಲ, ಐದು ಅಂಕ ಕಳೆಯಿರಿ. ಕೆಂಪು ಬಸ್ಸಿಲ್ಲ, ಇನ್ನೈದು. ಮಹಾರಾಜನ ಪಾಳುಬಿದ್ದ ಅರಮನೆ ಇದೆ, ಅದರೊಳಗೆ ಹುಲಿ ಇದೆ, ಅದಕ್ಕೆ ಪೂರ್ತಿ ಅಂಕ. ಆ ಅರಮನೆಯಲ್ಲೇ ದೊಡ್ಡ ಬಾವಲಿಗಳನ್ನು ಇಟ್ಟು ತೋರಿಸುತ್ತಾರೆ. ಜನ ಬೆರಗಾಗಿ ಫೋಟೊ ತೆಗೆಯುತ್ತಿದ್ದರು. "ಇದಕ್ಕೂ ಟಿಕೆಟ್ಟಾ? ನಮ್ಮನೆ ಪೇರಲೆ ಮರದ ಕೆಳಗೆ ಬರಕ್ಕೇಳಿ," ಎಂದಳು ಹೆಂಡತಿ.

ಊರಿನ ಹಿಂದೆ ಐದು ನಿಮಿಷ ನಡೆದರೆ ಎವರೆಸ್ಟ್. ಅದರ ಎತ್ತರ 199.5 ಅಡಿ. ಇನ್ನೂರು ಮುಟ್ಟಿದರೆ ವಿಮಾನಗಳಿಗೆಂದು ನೆತ್ತಿಯ ಮೇಲೆ ಕೆಂಪು ದೀಪ ಉರಿಸಬೇಕಾಗುತ್ತದೆಂದು ಅರ್ಧ ಅಡಿ ಕಡಿಮೆ ಕಟ್ಟಿದ್ದಾರೆ. ಅರ್ಧ ಇಂಚು ಹೆಚ್ಚಿಸಲು ರಾಗಿ ಬೇಯಿಸಿದ ಮನೆಯವರಿಗೆ ಈ ಕಷ್ಟ ಅರ್ಥವಾಗುತ್ತದೆ. ಮಗ, ಮೊಮ್ಮಗಳು ಅದನ್ನೇರಿ ಹಿಂದುಮುಂದಾಗಿ ಉರುಳಿ ಬಂದರು. ಸೊಸೆ ಏರಲಿಲ್ಲ, ಎಕ್ಸೆಲ್ಲಿನಲ್ಲಿ ಟಿಕ್ ಹಾಕಿಕೊಂಡಳು.

ಕಾಳಿಯ ಬಾಗಿಲಲ್ಲಿ ಅಳತೆಕೋಲು ಹಿಡಿದ ಹುಡುಗಿ ಮೊಮ್ಮಗನನ್ನು ನಿಲ್ಲಿಸಿ ನೋಡಿ, ನಕ್ಕು, ಒಳಗೆ ಬಿಟ್ಟಳು. ಬೂಟಿನ ಗೆಲುವನ್ನು ಅಜ್ಜಿ ಈಗಲೂ ರಾಗಿಯ ಲೆಕ್ಕಕ್ಕೇ ಬರೆದುಕೊಳ್ಳುತ್ತಾಳೆ. ದುಂಡು ದೋಣಿಯಲ್ಲಿ ಎಲ್ಲರೂ ಕೂತೆವು. ಒಂದು ತಿರುವಿನಲ್ಲಿ ದೋಣಿ ಧೊಪ್ಪೆಂದು ಜಾರಿ, ಎದುರಿಗೆ ಕೂತಿದ್ದ ನನ್ನ ಹೆಂಡತಿಯ ಮೇಲೆ ಕಾಳಿ ಪೂರ್ತಿಯಾಗಿ ಒಲಿದಳು. ಸೆರಗಿನಿಂದ ಬಿಂದಿಗೆಯಷ್ಟು ನೀರು ಹಿಂಡಿದಳು. ಆ ಹೊತ್ತಿಗೆ ಫ್ಲಾರಿಡಾದ ಮಧ್ಯಾಹ್ನದ ಗುಡುಗೂ ಶುರುವಾಯಿತು. ಮಿಂಚು ಕಂಡರೆ ಬಯಲಿನ ಆಟಗಳನ್ನೆಲ್ಲ ನಿಲ್ಲಿಸುತ್ತಾರೆ. ಎಲ್ಲರೂ ಚಾವಣಿ ಹುಡುಕಿ ಓಡುತ್ತಿರುವಾಗ ಅವಳು ಮಾತ್ರ, ಇನ್ನೇನು ನೆನೆಯುವುದು ಬಾಕಿ ಎಂಬ ನಿಶ್ಚಿಂತೆಯಲ್ಲಿ, ದಾಂಡೇಲಿಯ ತಂಗಿಗೆ ವಿಡಿಯೊ ಕಾಲ್ ಮಾಡಿದಳು. ಅಲ್ಲಿ ಮಲಗುವ ಹೊತ್ತು.

"ನೋಡೇ, ಕಾಳಿ!"

ತಂಗಿ ಕಣ್ಣುಜ್ಜಿಕೊಂಡು ಫೋನಿನೊಳಗೆ ಇಣುಕಿದಳು. "ಎಷ್ಟು ಕೊಟ್ರಿ?"

ಇವಳು ಡಾಲರನ್ನು ಮನಸ್ಸಿನಲ್ಲೇ ರೂಪಾಯಿ ಮಾಡಿ, ಸ್ವಲ್ಪ ಇಳಿಸಿಯೇ ಹೇಳಿದಳು: "ತಲೆಗೆ ಹತ್ತು ಸಾವಿರದ ಮೇಲೆ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ತಂಗಿ ಹೇಳಿದಳು: "ಅಷ್ಟು ಕೊಟ್ಟಿದ್ರೆ ಸೂಪಾದವ್ರು ನಿಮ್ಮೊಬ್ರಿಗೇ ಅಂತ ಡ್ಯಾಮಿನ ಗೇಟು ತೆಗೀತಿದ್ರಲ್ಲೇ!"