ಕೈಗಡ

ಹಂಪಿಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು ಎಂಬುದು ನಮ್ಮ ಸೀಮೆಯ ಗಾದೆ. ಹಂಪಿಯ ವೈಭವವೆಲ್ಲ ಬಂಡೆ-ಬಯಲಿನ ಮೇಲೆ ಹರಡಿಕೊಂಡಿದೆ. ಉಜ್ಜಿನಿಯ ಮರುಳಸಿದ್ಧೇಶ್ವರನ ಗುಡಿ ಹಾಗಲ್ಲ. ಒಳಗೆ ಹೋಗಿ, ಕಂಬಗಳ ನಡುವೆ ನಿಂತು, ಕುತ್ತಿಗೆ ನೋಯುವವರೆಗೆ ತಲೆಯೆತ್ತಿ ನೋಡಬೇಕು. ಪರದೇಶದಿಂದ ಬರುವವರು ಗಾದೆಯ ಮೊದಲರ್ಧವನ್ನು ಶ್ರದ್ಧೆಯಿಂದ ಪಾಲಿಸಿ, ಉಳಿದರ್ಧವನ್ನು ಬಿಟ್ಟು ಗೋವಾದ ಬಸ್ಸು ಹತ್ತುತ್ತಾರೆ. ನಮ್ಮ ಕಡೆಗೂ ಬಂದು, ಬಂದದ್ದಲ್ಲದೆ ಉಳಿದು, ಉಳಿದದ್ದಲ್ಲದೆ ಸಂಬಳವಿಲ್ಲದೆ ದುಡಿಯುವವರು ಅಪರೂಪ. ಅಂಥವರಿಗೆ ಸ್ವಯಂಸೇವಕರು ಎಂಬ ಭಾರಿ ಹೆಸರಿದೆ. ನಮ್ಮೂರ ಕಟ್ಟೆಯ ಮೇಲಿನವರು, 'ಮನ್ಯಾಗ ಏನೋ ಜಗಳಾಗಿರಬೇಕು' ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ.

ಪರಸ್ಥಳದ ವಾಸ ನಮಗೇನೂ ಹೊಸದಲ್ಲ. ನಾವು ಅದನ್ನು ಕೂತಲ್ಲೇ ಅನುಭವಿಸಿದವರು. 1953ರ ಅಕ್ಟೋಬರಿನವರೆಗೆ ನಾವು ಮದ್ರಾಸಿನವರಾಗಿದ್ದೆವು, ಆಮೇಲೆ ಮೈಸೂರಿನವರಾದೆವು. ಕೂಡ್ಲಿಗಿ ತಾಲ್ಲೂಕಿನಲ್ಲಿದ್ದ ಉಜ್ಜಿನಿ ಈಗ ಕೊಟ್ಟೂರು ತಾಲ್ಲೂಕಿನದು, ಬಳ್ಳಾರಿಯ ಬದಲು ವಿಜಯನಗರ ಜಿಲ್ಲೆಯದು. ಪಕ್ಕದ ಹರಪನಹಳ್ಳಿಯ ಕತೆ ಇನ್ನೂ ಸೊಗಸು. 1997ರಲ್ಲಿ ಬಳ್ಳಾರಿ ಬಿಟ್ಟು ದಾವಣಗೆರೆಗೆ ಹೋಯಿತು, 2018ರಲ್ಲಿ ತವರಿಗೆ ಮರಳಿತು, 2021ರಲ್ಲಿ ಹೊಸ ಜಿಲ್ಲೆಗೆ ನಡೆಯಿತು. ಅಷ್ಟೆಲ್ಲ ಸುತ್ತಿದರೂ ಅಲ್ಲಿನ ಮಂಡಕ್ಕಿ-ಮಿರ್ಚಿಯ ರುಚಿ ಕೆಟ್ಟಿಲ್ಲ. ಮನುಷ್ಯರು ಮಾತ್ರ ಒಂದೂರು ಬಿಟ್ಟು ಇನ್ನೊಂದೂರಿಗೆ ಹೋದರೆ ಮೊದಲು ಕೆಡುವುದು ಹೊಟ್ಟೆಯೇ.

ಪರದೇಶಕ್ಕೆ ಹೋಗಿ ಸೇವೆ ಮಾಡುವ ಹುಕಿಯನ್ನು ಸರ್ಕಾರಿ ಯೋಜನೆಯಾಗಿ ದೊಡ್ಡದು ಮಾಡಿದವರಲ್ಲಿ ಅಮೆರಿಕದ ಕೆನಡಿ ಒಬ್ಬರು. 1961ರಲ್ಲಿ ಅವರು ಹುಟ್ಟುಹಾಕಿದ ಪೀಸ್ ಕೋರ್‌ನ ಹುಡುಗ ಹುಡುಗಿಯರು 1976ರವರೆಗೂ ಭಾರತದಲ್ಲಿದ್ದರು. ಕೋಳಿ ಸಾಕುವುದನ್ನು, ಹೊಸ ಬೇಸಾಯವನ್ನು ಹೇಳಿಕೊಡಲು ಹಳ್ಳಿ ಹಿಡಿದರು. ಹುಡುಗಿಯರು ಎಂದೆನಲ್ಲ, ಅವರಲ್ಲೊಬ್ಬಾಕೆಗೆ ಅರವತ್ತೆಂಟು ವರ್ಷ. ಮುಂದೆ ಅಧ್ಯಕ್ಷರಾದ ಜಿಮ್ಮಿ ಕಾರ್ಟರ್ ಅವರ ತಾಯಿ ಲಿಲಿಯನ್, ಮುಂಬೈ ಬಳಿಯ ವಿಖ್ರೋಲಿಯಲ್ಲಿ ನರ್ಸ್ ಆಗಿ ದುಡಿದರು. ನಮ್ಮಲ್ಲಿ ಆ ವಯಸ್ಸಿನ ತಾಯಂದಿರನ್ನು ಕಾಶಿಗೆ ಕಳಿಸುವುದಕ್ಕೇ ಮನೆಯಲ್ಲಿ ಪಂಚಾಯ್ತಿ ಸೇರುತ್ತದೆ. ಹಂಪಿಯಲ್ಲಂತೂ 1980ರಿಂದ ಸುಮಾರು ಎರಡು ದಶಕ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಚೆಲ್ ಚಳಿಗಾಲಕ್ಕೆ ಬಂದು ಡೇರೆ ಹಾಕುತ್ತಿದ್ದರು. ದೇಶ ವಿದೇಶದ ವಿದ್ಯಾರ್ಥಿಗಳು ಅವರ ಜೊತೆ ಟೇಪು ಹಿಡಿದು ಪಾಳು ಗೋಡೆಗಳನ್ನು ಅಳೆಯುತ್ತಿದ್ದರು. ನಮ್ಮವರು ಹೊಲದ ಬದುವಿಗೆ ಬಿಟ್ಟರೆ ಬೇರೆಯದಕ್ಕೆ ಟೇಪು ಹಿಡಿದವರಲ್ಲ.

ಹಾಗೆ ಸೇವೆಗೆಂದು ಬಂದು ನನ್ನ ಗೆಳತಿಯಾದವಳು ಜರ್ಮನಿಯವಳು. ಅಲ್ಲಿನ ಸರ್ಕಾರ 2008ರಿಂದ 'ವೆಲ್ಟ್‌ವೆರ್ಟ್ಸ್' ಎಂಬ ಯೋಜನೆಯಲ್ಲಿ ಹರೆಯದವರನ್ನು ಹೊರದೇಶಗಳಿಗೆ ಸ್ವಯಂಸೇವಕರಾಗಿ ಕಳಿಸುತ್ತದೆ. ಈಕೆ ಮಕ್ಕಳಿಗೆ ಪಾಠ ಹೇಳಲು ನಮ್ಮ ಸೀಮೆಗೆ ಬಂದು, ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದಳು. ಮೊದಲ ದಿನವೇ ಓಣಿಯವರು ಬಂದು ವಿಚಾರಿಸಿಕೊಂಡರು. ಮದುವೆ ಆಗೇತೇನು? ಯಾಕಾಗಿಲ್ಲ? ಅಪ್ಪಗ ಎಷ್ಟು ಎಕರೆ? ಜನಗಣತಿ ನಡೆದಿದೆಯೆಂದು ಆಕೆ ಪಾಸ್‌ಪೋರ್ಟ್ ತಂದು ತೋರಿಸಿದಳು. ಸಂಜೆ ಕೋಣೆಯ ಬಾಗಿಲು ಹಾಕಿಕೊಂಡು ಓದುತ್ತಾ ಕೂತರೆ ನಮ್ಮವ್ವನಿಗೆ ಜೀವ ನಿಲ್ಲದು. 'ಹಗಲೊತ್ತಿನ್ಯಾಗ ಬಾಗಿಲು ಹಾಕ್ಯಾಳ, ಮೈಯಾಗ ಆರಾಮಿಲ್ಲೇನೋ' ಎಂದು ಬಡಿಯದೆಯೇ ತಳ್ಳಿ, ಹಣೆ ಮುಟ್ಟಿ ನೋಡಿ ಬರುತ್ತಿದ್ದಳು. ಒಂಟಿಯಾಗಿರುವುದು ಆಕೆಗೆ ಸುಖ, ಅವ್ವನಿಗೆ ರೋಗಲಕ್ಷಣ.

ಇವೆಲ್ಲ ಸಣ್ಣವು. ನಿಜವಾದ ತೊಡಕು ಬೇರೆಯೇ ಇತ್ತು. ಆಕೆ ಕೊಡಲೆಂದು ಬಂದವಳು. ಅವ್ವ ಉಣ್ಣಿಸಲೆಂದೇ ಹುಟ್ಟಿದವಳು. ಇಬ್ಬರು ಕೊಡುವವರು ಒಂದೇ ಸೂರಿನಡಿ ಸೇರಿದರೆ ಇಸಗೊಳ್ಳುವವರು ಯಾರು? ಅವ್ವ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಇಟ್ಟು ಬಂದರೆ ಮರುದಿನ ಅಷ್ಟೇ ಬೆಲೆಯ ಬಾಳೆಹಣ್ಣು ನಮ್ಮ ಅಡುಗೆಮನೆಗೆ ಬರುತ್ತಿತ್ತು. ಅದಕ್ಕೆ ಅವ್ವ ಹೋಳಿಗೆ ಬೇಯಿಸಿದರೆ ಚಾಕೊಲೇಟು ಬರುತ್ತಿತ್ತು. ಚಾಕೊಲೇಟಿನ ಮೋರೆ ನೋಡಿ ಅವ್ವ, 'ಈಕಿ ನಮ್ಮ ಋಣ ಇಟ್ಕೊಳಾಕ ಒಲ್ಲಳು, ನಾವೇನು ಅಂಗಡಿ ಇಟ್ಟೀವೇನು?' ಎಂದು ಸಿಟ್ಟಾದಳು. ಆಕೆಯೋ ಯಾರಿಗೂ ಹೊರೆಯಾಗಬಾರದೆಂದು ಕಲಿತು ಬೆಳೆದವಳು. ಲೆಕ್ಕ ಆಗಿಂದಾಗಲೇ ಚುಕ್ತಾ ಆಗುತ್ತಿದ್ದುದರಿಂದ ಇಬ್ಬರ ನಡುವೆ ಮರ್ಯಾದೆ ಬೇಕಾದಷ್ಟಿತ್ತು, ಸಲಿಗೆ ಮಾತ್ರ ಕವಡೆಕಾಸಿನಷ್ಟೂ ಇರಲಿಲ್ಲ.

ಇದನ್ನು ಬಿಡಿಸಿದ್ದು ಉಜ್ಜಿನಿಯ ಜಾತ್ರೆ. ವೈಶಾಖದ ಬಿಸಿಲಿನಲ್ಲಿ ಅಲ್ಲಿ ಗುಡಿಯ ಶಿಖರಕ್ಕೇ ಎಣ್ಣೆ ಎರೆಯುತ್ತಾರೆ. ಜರಿಮಲೆಯ ಪಾಳೆಯಗಾರರ ಮನೆತನದಿಂದ ಎಣ್ಣೆ ಬರುವುದು ಸಂಪ್ರದಾಯ. ಹರಕೆ ಹೊತ್ತ ಭಕ್ತರೂ ತಂದು ಕೊಡುತ್ತಾರೆ. ಕಳಸದಿಂದ ಇಳಿಯುವ ಎಣ್ಣೆಯಲ್ಲಿ ದೊರೆಯದು ಯಾವುದು, ಕೂಲಿಯವನದು ಯಾವುದು ಎಂದು ಹೇಳಬಲ್ಲವರಿಲ್ಲ. ಆಕೆ ಬಾಯಿ ಬಿಟ್ಟುಕೊಂಡು ಅದನ್ನೇ ನೋಡುತ್ತಿದ್ದಾಗ, ಬಿಟ್ಟು ಬಂದಿದ್ದ ಚಪ್ಪಲಿಯನ್ನು ಯಾರೋ ಹಾಕಿಕೊಂಡು ಹೋದರು. 'ಪೀಡೆ ಹೋತು ಬಿಡು, ಒಳ್ಳೇದಾತು' ಎಂದು ಹೆಂಗಸರೆಲ್ಲ ಸಂತೋಷಪಟ್ಟರು. ಬಹಳ ದುಬಾರಿ ಪೀಡೆ ಅದು, ಬರ್ಲಿನ್ನಿನಲ್ಲಿ ಕೊಂಡದ್ದು. ಕಾದ ನೆಲದ ಮೇಲೆ ಒಂದೊಂದೇ ಕಾಲೆತ್ತುತ್ತಾ ನಿಂತವಳು ಕೊನೆಗೆ, 'ಅವ್ವಾ, ನಿನ್ನ ಚಪ್ಪಲಿ ಕೊಡು' ಎಂದಳು. ಅವ್ವ ಕೊಟ್ಟಳು. ಬರಿಗಾಲಲ್ಲಿ ನಡೆಯುವುದು ಅವ್ವನಿಗೆ ಹೊಸದೇನಲ್ಲ. ಬೇಡಿ ಇಸಗೊಳ್ಳುವುದು ಆಕೆಗೆ ಹೊಸದು.

ಮಜವೆಂದರೆ, ಆ ಚಪ್ಪಲಿ ಮರಳಿ ಬರಲೇ ಇಲ್ಲ. ಬದಲಿಗೆ ಬಾಳೆಹಣ್ಣೂ ಬರಲಿಲ್ಲ. ಅವ್ವ ಓಣಿಯ ತುಂಬ, 'ನನ್ನ ಚಪ್ಪಲಿ ಹಾಕ್ಕೊಂಡು ಅಡ್ಯಾಡತಾಳ, ಕೊಡೋ ಖಬರೇ ಇಲ್ಲ' ಎಂದು ದೂರು ಹೇಳಿಕೊಂಡು ತಿರುಗಿದಳು, ಮಗಳು ಹಡೆದಷ್ಟು ಖುಷಿಯಿಂದ. ಅಂದಿನಿಂದ ಅವ್ವನೂ ಆಕೆಗೆ ಕೆಲಸ ಹೇಳತೊಡಗಿದಳು. ಶೇಂಗಾ ಸುಲಿಯಲು ಕೂರಿಸಿದಳು, ಮೊಮ್ಮಗನನ್ನು ಶಾಲೆಗೆ ಬಿಟ್ಟು ಬಾ ಎಂದಳು, ರೊಟ್ಟಿ ತಟ್ಟಿದ್ದು ಸೊಟ್ಟಗಾದರೆ ಬೈದಳು. ಬೈಸಿಕೊಂಡವಳು ನಕ್ಕಳು. ಹಾಗೆಂದು ಇಬ್ಬರೂ ಬದಲಾದರೆಂದು ತಿಳಿಯಬೇಡಿ. ಆಕೆ ಕೊನೆಯವರೆಗೂ ಬಾಗಿಲು ಹಾಕಿಕೊಂಡಳು, ಅವ್ವ ಕೊನೆಯವರೆಗೂ ತಳ್ಳಿದಳು. ಪದ್ಧತಿಗಳು ಅವರವರ ಹತ್ತಿರವೇ ಉಳಿದವು. ಕಳೆದುಹೋದದ್ದು ಲೆಕ್ಕ ಒಂದೇ. ಸೇವೆಗೆ ಬಂದವರು ಕೊಡುವುದನ್ನು ಕಲಿತೇ ಬಂದಿರುತ್ತಾರೆ; ಇಸಗೊಳ್ಳುವುದನ್ನು ಇಲ್ಲಿ ಬಂದೇ ಕಲಿಯಬೇಕು.

ಆಕೆ ಊರಿಗೆ ಮರಳಿ ವರ್ಷಗಳಾದವು. ಮೊನ್ನೆ ವಾಟ್ಸಾಪಿನಲ್ಲಿ ಸಂದೇಶ ಬಂತು. ಆಕೆಯ ಅತ್ತೆಯ ಮಗ ಹಂಪಿ ನೋಡಲು ಬರುತ್ತಿದ್ದಾನಂತೆ. ವಾರದ ಮಟ್ಟಿಗೆ ನಿಮ್ಮಲ್ಲೇ ಇರುತ್ತಾನೆ, ಹೊಸಪೇಟೆ ಸ್ಟೇಷನ್ನಿಗೆ ಹೋಗಿ ಕರೆದುಕೊಂಡು ಬನ್ನಿ, ಖಾರ ಕಡಿಮೆ ಹಾಕಿ ಎಂದು ಬರೆದಿದ್ದಳು. ನಮಗೆ ಅನುಕೂಲವಿದೆಯೇ ಎಂದು ಒಂದು ಮಾತು ಕೇಳಿರಲಿಲ್ಲ. ಓದಿ ಹೇಳಿದೆ. ಅವ್ವ ಮೊರದಿಂದ ತಲೆಯೆತ್ತದೆ, 'ಕೇಳೋದೇನೈತಿ ಅದರಾಗ? ಹೋಗಿ ಕರ್ಕೊಂಬಾ' ಎಂದಳು.