ಸತ್ತ ಬ್ರೌಸರಿಗೆ ದಿನಾ ಎಲೆ

ವೆಬ್‌ಸೈಟಿನ ಥೀಮ್ ಬರೆಯುವವರ ಎದುರು ಸುಮ್ಮನೆ ‘ಐಇ ಸಿಕ್ಸ್’ ಅಂದು ನೋಡಿ. ಕೈಯಲ್ಲಿದ್ದ ಕಾಫಿ ಆರಿದರೂ ಅವರ ಪುರಾಣ ಮುಗಿಯದು.

ಮುಗಿಯುವುದಾದರೂ ಹೇಗೆ? 2001ರಲ್ಲಿ ಹುಟ್ಟಿದ ‘ಇಂಟರ್ನೆಟ್ ಎಕ್ಸ್‌ಪ್ಲೋರರ್ 6’ ಎಂಬ ಈ ಬ್ರೌಸರ್ ಮಹರಾಯನಿಗೆ ತಮ್ಮ ಬಂದದ್ದೇ 2006ರಲ್ಲಿ. ಅಲ್ಲಿಯವರೆಗೆ ಆಡಿದ್ದೇ ಆಟ. ಪಾರದರ್ಶಕ ಪಿಎನ್‌ಜಿ ಲೋಗೋ ಕೊಟ್ಟರೆ ಹಿಂದೆ ಬೂದು ಬಳಿದು ತೋರಿಸುತ್ತಿದ್ದ. ಎಡಕ್ಕೆ ಫ್ಲೋಟ್ ಮಾಡಿ ಎಡಗಡೆ 10 ಪಿಕ್ಸೆಲ್ ಮಾರ್ಜಿನ್ ಕೇಳಿದರೆ, ಧಾರಾಳವಾಗಿ 20 ಬಿಡುತ್ತಿದ್ದ. ಮದ್ದು? ‘ಡಿಸ್‌ಪ್ಲೇ: ಇನ್‌ಲೈನ್’. ಫ್ಲೋಟ್ ಆದದ್ದಕ್ಕೆ ಆ ಮಾತು ನಿಯಮದ ಪ್ರಕಾರ ನಾಟುವುದೇ ಇಲ್ಲ. ಇವನಿಗೆ ಮಾತ್ರ ನಾಟುತ್ತಿತ್ತು! ಇನ್ನು ಕೆಲವು ಡಬ್ಬಿಗಳಿಗೆ ‘ಜೂಮ್: 1’ ಬೇಕಿತ್ತು. ಅಂದರೆ, ‘ಇದ್ದ ಹಾಗೇ ಇರಪ್ಪಾ’ ಎಂದು ಬರೆದುಕೊಟ್ಟ ಮೇಲೇ ಅವು ಇದ್ದ ಹಾಗೆ ಇರುತ್ತಿದ್ದದ್ದು.

ಕೊನೆಗೆ ಮೈಕ್ರೋಸಾಫ್ಟಿನವರೇ ಕೊಟ್ಟಿದ್ದ ಕಂಡಿಷನಲ್ ಕಾಮೆಂಟೇ ಗತಿ. ‘ಐಇ 9ಕ್ಕಿಂತ ಹಳಬನಾದರೆ ಈ ಫೈಲು’ ಅಂತ ಬರೆದರೆ ಮಿಕ್ಕ ಬ್ರೌಸರುಗಳು ಕಾಮೆಂಟೆಂದು ದಾಟಿ ಹೋಗುತ್ತಿದ್ದವು, ಇವರ ಮನೆಯವರು ಮಾತ್ರ ಓದುತ್ತಿದ್ದರು. ಮದುವೆ ಪಂಕ್ತಿಯ ಮೂಲೆಯಲ್ಲಿ ದೊಡ್ಡಪ್ಪನಿಗೆಂದು ಉಪ್ಪಿಲ್ಲದ ಸಾರಿನ ಎಲೆ ಬೇರೆ ಹಾಕುತ್ತಾರಲ್ಲ, ಹಾಗೆ.

ಜನ ರೋಸಿದ್ದು ಸುಳ್ಳಲ್ಲ. 2010ರ ಮಾರ್ಚಿನಲ್ಲಿ ಅಮೆರಿಕದ ಡೆನ್ವರಿನ ಡಿಸೈನ್ ಕಂಪನಿಯೊಂದು ಐಇ ಸಿಕ್ಸ್‌ಗೆ ಶವಪೆಟ್ಟಿಗೆ ಇಟ್ಟು ಅಂತ್ಯಕ್ರಿಯೆಯನ್ನೇ ನಡೆಸಿತು. ಹೆತ್ತ ಮೈಕ್ರೋಸಾಫ್ಟೇ ಹೂವು ಕಳಿಸಿತು! 2012ರಲ್ಲಿ ಆಸ್ಟ್ರೇಲಿಯಾದ ಕೋಗನ್ ಅಂಗಡಿ, ಐಇ ಸೆವೆನ್‌ನಲ್ಲಿ ಬಂದ ಗಿರಾಕಿಗಳಿಗೆ ಶೇ 6.8 ತೆರಿಗೆ ಘೋಷಿಸಿತು. 2021ರಲ್ಲಿ ವರ್ಡ್‌ಪ್ರೆಸ್ ಐಇ 11ಕ್ಕೂ ಕೈ ಮುಗಿಯಿತು. 2022ರ ಜೂನ್ 15ಕ್ಕೆ ಮೈಕ್ರೋಸಾಫ್ಟೇ ಆ ವಂಶಕ್ಕೆ ನಿವೃತ್ತಿ ಕೊಟ್ಟಿತು.

ಇಷ್ಟಾದರೂ ಹಳೇ ಥೀಮಿನ ಹೆಡರ್ ಫೈಲ್ ಬಿಚ್ಚಿ ನೋಡಿ. ‘ಐಇ 9ಕ್ಕಿಂತ ಹಳಬನಾದರೆ’ ಸಾಲು ಗಟ್ಟಿಮುಟ್ಟಾಗಿ ಕೂತಿರುತ್ತದೆ. ಐಇ 10ರಿಂದಾಚೆಗೆ ಅದನ್ನು ಓದುವ ಅಭ್ಯಾಸವನ್ನೇ ಮೈಕ್ರೋಸಾಫ್ಟ್ ಬಿಡಿಸಿತ್ತು. ಆದರೂ ಪ್ರತಿ ಪುಟದ ಜೊತೆಗೂ ಅದು ಊರೂರು ಸುತ್ತುತ್ತದೆ. ತೆಗೆಯೋಣವೆಂದರೆ, ‘ಬೇಡ ಮಾರಾಯ, ಏನಾದರೂ ಕೆಟ್ಟೀತು’ ಅನ್ನುತ್ತದೆ ಟೀಮು. ಬರೆದವನನ್ನೇ ಕೇಳೋಣವೆಂದರೆ ಅವನಾಗಲೇ ಮ್ಯಾನೇಜರು. ಅವನಿಗೀಗ ಕೋಡ್ ಓದಲು ಬರುವುದಿಲ್ಲ. ಬ್ರೌಸರಿಗೆ ಆಯುಸ್ಸು ಕಟ್ಟಲು ಕಂಪನಿಯಿದೆ. ನಾವು ಹಾಕಿದ ತೇಪೆಗೆ ಮಾತ್ರ ಸಾವೆಂಬುದಿಲ್ಲ.