ಎಡಕ್ಕೆ ಮುಖ ಮಾಡಿದ ಮೊಸಳೆಯ ಸಂದರ್ಶನ

ಫ್ರಾನ್ಸಿನ ಲಕೋಸ್ಟ್ ಮೊಸಳೆಗೂ ಸಿಂಗಪುರದ ಕ್ರೊಕೊಡೈಲ್ ಇಂಟರ್‌ನ್ಯಾಷನಲ್ ಮೊಸಳೆಗೂ ದೆಹಲಿ ಹೈಕೋರ್ಟಿನಲ್ಲಿ 2001ರಿಂದ ನಡೆದ ಜಗಳದ ತೀರ್ಪು 2024ರ ಆಗಸ್ಟ್‌ನಲ್ಲಿ ಬಂತಲ್ಲ, ಅದರಲ್ಲಿ ಸೋತ ಸಿಂಗಪುರದ ಮೊಸಳೆ ಇವರು. ಒಂದು ಹಳೇ ಟಿ-ಶರ್ಟಿನ ಎದೆಯ ಮೇಲೆ ಮಾತಿಗೆ ಸಿಕ್ಕರು.

ನಮಸ್ಕಾರ. ತಾವು ಕೂತಿರುವ ಜಾಗದಲ್ಲಿ ಒಂದು ಜೇಬು ಇರಬೇಕಿತ್ತಲ್ಲವೇ?

ಜೇಬು ಆಮೇಲೆ. ನನ್ನ ಮುಖ ಯಾವ ಕಡೆಗಿದೆ, ಹೇಳಿ.

ಎಡಕ್ಕೆ.

ಆ ಲಕೋಸ್ಟ್ ಮೊಸಳೆಯದು ಬಲಕ್ಕೆ! ಎಲ್‌ಕೆಜಿ ಮಗುವಿಗೂ ಗೊತ್ತಾಗುತ್ತೆ. ಕೋರ್ಟಿಗೆ ಮಾತ್ರ ಇಬ್ಬರೂ ಒಂದೇ ಥರ ಕಂಡೆವು.

ಕನ್ನಡಿ ಮುಂದೆ ನಿಂತರೆ ತಾವು ಅವರೇ ಆಗಿಬಿಡುತ್ತೀರಲ್ಲ?

ಮುಂದಿನ ಪ್ರಶ್ನೆ.

ಪೆನ್ನು, ಕನ್ನಡಕ, ಬಸ್ ಟಿಕೆಟ್. ಜೇಬಿಲ್ಲದ ಅಂಗಿಯಲ್ಲಿ ಇವನ್ನೆಲ್ಲ ಎಲ್ಲಿಡೋದು?

ನೋಡಿ, 1983ರಲ್ಲೇ ಎರಡೂ ಕಂಪನಿ ಕೂತು ರಾಜಿ ಮಾಡಿಕೊಂಡಿದ್ದವು. ಸಿಂಗಪುರ, ಮಲೇಷ್ಯಾ, ಇಂಡೊನೇಷ್ಯಾ, ತೈವಾನ್, ಬ್ರೂನೈ, ಎಲ್ಲ ಕಡೆ ಜೊತೆಗಿರೋಣ ಅಂತ. ಭಾರತದ ಹೆಸರು ಆ ಪಟ್ಟಿಯಲ್ಲಿಲ್ಲ. ಸೇರಿಸೋಕೆ ಎಷ್ಟು ಮಸಿ ಬೇಕಿತ್ತು, ಸ್ವಾಮಿ? ಇನ್ನು ಅವನ ಕುಲ ಕೇಳಿ. ರೆನೆ ಲಕೋಸ್ಟ್ ಅನ್ನೋ ಟೆನಿಸ್ ಆಟಗಾರ ಪಂದ್ಯ ಗೆದ್ದರೆ ಮೊಸಳೆ ಚರ್ಮದ ಸೂಟ್‌ಕೇಸ್ ಅಂತ ಬಾಜಿ ಕಟ್ಟಿದ್ದನಂತೆ, ಅದರಿಂದ ಅವನಿಗೆ ಮೊಸಳೆ ಅನ್ನೋ ಅಡ್ಡಹೆಸರು ಬಂತು. ನಮ್ಮವರ ಚರ್ಮ ಸುಲಿಯೋ ಮಾತಿನಿಂದ ಹುಟ್ಟಿದವನು ಅಸಲಿ, ನಾನು ನಕಲಿ!

ಜನರನ್ನು ಯಾಮಾರಿಸಿ ಮಾರಿದಿರಿ ಅಂತಲೂ ಆರೋಪವಿತ್ತು.

ಪಾಸಿಂಗ್ ಆಫ್. ಅದು ರುಜುವಾತಾಗಲಿಲ್ಲ. ಬರೆದುಕೊಳ್ಳಿ. ಯಾಕೆ ಬರೀತಿಲ್ಲ?

ಪೆನ್ನು ಮನೇಲಿದೆ. ಜೇಬಿಲ್ಲವಲ್ಲ! ಅಷ್ಟಕ್ಕೂ ಒಂದು ಜೇಬು ಹೊಲಿಯೋಕೆ ಏನು ಮಹಾ ಖರ್ಚು?

ಹೊಲಿಯೋ ಖರ್ಚು ಕೇಳಿದಿರಾ? ಹಾಗಾದರೆ ಕೇಳಿಸಿಕೊಳ್ಳಿ. ನಿಮ್ಮ ಬೆಂಗಳೂರಲ್ಲೇ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳು 2016ರ ಏಪ್ರಿಲ್‌ನಲ್ಲಿ ರಸ್ತೆಗೆ ಬಂದರು. ಯಾಕೆ? ತಮ್ಮದೇ ಪಿಎಫ್ ದುಡ್ಡು ತೆಗೆಯೋಕೆ ಬಿಡಲ್ಲ ಅಂದಿದ್ದಕ್ಕೆ. ಲಾಠಿ ಏಟು ತಿಂದರು. 2020ರಲ್ಲಿ ತಿಂಗಳಿಗೆ 417 ರೂಪಾಯಿ ಚಿಲ್ಲರೆ ತುಟ್ಟಿಭತ್ಯೆ ಬರಬೇಕಿತ್ತು. ಸರ್ಕಾರ ಮುಂದೂಡಿತು. ಇಲ್ಲಿನ ಹೈಕೋರ್ಟು ಕೊಡಿ ಅಂದಮೇಲೂ ಎಷ್ಟೋ ಕಾರ್ಖಾನೆಗಳು ಕೊಡಲಿಲ್ಲ. ನಾಲ್ಕುನೂರ ಹದಿನೇಳು ರೂಪಾಯಿ! ಆ ದುಡ್ಡಿಗೆ ನನ್ನಂಥವನಿರೋ ಟಿ-ಶರ್ಟಿನ ತೋಳೂ ಬರಲ್ಲ. ನನ್ನ ಬಾಲ ಎತ್ತ ತಿರುಗಿದೆ ಅಂತ ವಾದ ಮಾಡೋಕೆ ಎರಡು ದಶಕ ದೊಡ್ಡ ದೊಡ್ಡ ವಕೀಲರು ಸಿಗ್ತಾರೆ. ಟಾರ್ಗೆಟ್ ಮುಗಿಸೋ ಭಯಕ್ಕೆ ನೀರು ಕುಡಿಯದೆ, ಬಾತ್‌ರೂಮಿಗೆ ಏಳದೆ ಮಷಿನ್ ಮುಂದೆ ಕೂತವಳ ಪರವಾಗಿ ಯಾರು ನಿಲ್ತಾರೆ? ಅವಳ ಹೆಸರು ಯಾವ ಲೇಬಲ್ ಮೇಲಿದೆ?

(ನನ್ನ ಪಟ್ಟಿಯಲ್ಲಿ ಉಳಿದದ್ದು ಒಳಜೇಬಿನ ಪ್ರಶ್ನೆ. ಬಿಟ್ಟೆ.)

ಕೊನೆಯದಾಗಿ ಓದುಗರಿಗೆ ಏನಾದರೂ?

ಓದುಗರಿಗಲ್ಲ, ನಿಮ್ಮ ಪುಟ ಕಟ್ಟುವವರಿಗೆ. ನನ್ನ ಫೋಟೊ ಹಾಕುವಾಗ ಅಂದ ಕಾಣಲಿ ಅಂತ ಬಲಕ್ಕೆ ತಿರುಗಿಸಿಬಿಟ್ಟಾರು. ಇನ್ನೊಂದು ಕೇಸು ನನ್ನ ಕೈಲಾಗಲ್ಲ.